ಚಾಕಣದ ಬೋರ್ಡು, ಮೂರು ದೇಶದ ತಕರಾರು

ನಾ ಬ್ರಷ್ ಹಿಡಿದೆ ಅಂದ್ರ ಏನಾರ ಒಂದು ಆಗೇ ಆಗತದ. ಬೋರ್ಡ್ ಬರಿಯಾಕಂತ ಪುಣೆಗೆ ಬಂದು ನಲವತ್ತು ವರ್ಷ ಆತು, ಇನ್ನೂ ನಿಂತಿಲ್ಲ. ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಂವ ನಾ. ಆದ್ರ ಯಾವ ದೇಶದ ಅಕ್ಷರ ಇರಲಿ, ಒಮ್ಮೆ ನೋಡಿದ್ರ ಸಾಕು, ಅಚ್ಚು ಹೊಡದಂಗ ಇಳಸ್ತೀನಿ. ಅರ್ಥ ತಗೊಂಡು ನಾ ಏನ್ ಮಾಡ್ಲಿ?

ಹೋದ ವರ್ಷ ದಸರಾ ಮುಂದ ಪುಣೆ ಹತ್ರ ಚಾಕಣದ ಒಂದು ಕಾರ್ಖಾನಿ ಸಾಹೇಬ್ರು ಕರೆಸಿದ್ರು. ಹೊಸ ಮಷೀನ್ ಬಂದಾವ, ಕೂಡಸಾಕ ಜರ್ಮನಿಯಾಂವ, ಇಟಲಿಯಾಂವ, ಸ್ಪೇನಿನಾಂವ, ಮೂರು ಮಂದಿ ಇಂಜಿನಿಯರ್ ಬಂದಾರ. ಖಂಡೇನವಮಿ ಆಯುಧ ಪೂಜಾದೊಳಗ ತಕರಾರಿಲ್ಲದಂಗ ಬರದ್ರ ಇಡೀ ಕಾರ್ಖಾನಿ ಬೋರ್ಡ್ ನಿಮ್ಮವ, ಇಲ್ಲಾಂದ್ರ ಸ್ಟಿಕರ್ ಅಂಗಡ್ಯಾಂವಗ ಕೊಡತೀನಿ ಅಂದ್ರು. ಆವತ್ತಿಂದ ಕುಂತಲ್ಲಿ ಕುಂಡ್ರಲಿಲ್ಲ ನಾ.

೧. ಪೇಡೆ ಡಬ್ಬಿ

ಪರದೇಶದವರಿಗೆ ಕೊಡೋ ಪೇಡೆ ಡಬ್ಬಿ ಮ್ಯಾಲ 'ಗಿಫ್ಟ್' ಅಂತ ಇಂಗ್ಲಿಷಿನ್ಯಾಗ ಬರಿ ಅಂದ್ರು. ಬಳ್ಳಿ ಸುತ್ತಿಸಿ, ಹೂವು ಬಿಡಿಸಿ ಬರದೆ. ಜರ್ಮನಿಯಾಂವ ನೋಡಿದಾಂವನ ಒಂದು ಹೆಜ್ಜಿ ಹಿಂದ ಸರದ.

ಅವರ ಸಂಗಡ ಪುಣೆ ಕೋಥ್ರೂಡದ ದುಭಾಷಿ ಹೆಣ್ಮಗಳೊಬ್ರು ಇದ್ರು, ಎಲ್ಲಾರೂ ಬಾಯಿ ಅಂತಿದ್ರು. ಜರ್ಮನ್ ಮಾತಿನ್ಯಾಗ ಇದೇ ಶಬ್ದಕ್ಕ ವಿಷ ಅಂತಾರ ಅಂದ್ರು. ಮೂಲ ಒಂದೇ ಅಂತ, ಎರಡೂ ಕಡೆ 'ಕೊಟ್ಟದ್ದು' ಅಂತನ ಇತ್ತಂತ. ಇಂಗ್ಲಿಷರು ಕಾಣಿಕಿ ಕೊಟ್ರು, ಇವರು ಔಷಧ ಕೊಟ್ಟು ಕೊಟ್ಟು ವಿಷಕ್ಕ ಮುಟ್ಟಿದ್ರು.

ಸಾಹೇಬ್ರ ಮುಖ ಸಣ್ಣದಾತು. ಜರ್ಮನಿಯಾಂವ ಮಾತ್ರ ಡಬ್ಬಿ ತಿರುವಿ ತಿರುವಿ ನೋಡಿ ನಾಕು ಪೇಡೆ ತಿಂದ.

"ನೋಡ್ರಿ ಸಾಹೇಬ್ರ," ಅಂದೆ, "ವಿಷ ಅಂತ ಓದಿದ ಮ್ಯಾಲೂ ತಿನ್ನಾಕತ್ಯಾನ. ಅಕ್ಷರ ಅಂದ್ರ ಹಿಂಗಿರಬೇಕು."

೨. ಬೆಣ್ಣೆ ದೋಸೆ

ಕ್ಯಾಂಟೀನ್ ನಡಸಾಂವ ಉಡುಪಿ ಕಡೆ ಅಣ್ಣ. ಇಟಲಿಯಾಂವ ದಿನಾ ದೋಸಿ ಮುಂದ ನಿಂತು 'ಬುರ್ರೊ, ಬುರ್ರೊ' ಅಂತಿದ್ದ. ಹಂಗಂದ್ರ ಅವರ ಬೆಣ್ಣಿ. ಗಿರಾಕಿಗೆ ಖುಷಿ ಆಗಲಿ ಅಂತ ಅಣ್ಣ ಅದನ್ನ ನನ್ನ ಕೈಲೆ ಬೋರ್ಡಿನ ಮ್ಯಾಲ ದೊಡ್ಡದಾಗಿ ಬರಸಿದ.

ಮರುದಿನ ಸ್ಪೇನಿನಾಂವ ಓದಿ ತಾಟು ಇಟ್ಟು ಎದ್ದ. ಅವರಲ್ಲೆ ಅದು ಕತ್ತಿ, ಮೂಟಿ ಹೊರೋ ಕತ್ತಿ. ಬಾಯಿ ಹೇಳಿದ್ರು, ಈ ಎರಡಕ್ಕೂ ಸಂಬಂಧನ ಇಲ್ಲ, ಬೆಣ್ಣಿ ಬ್ಯಾರೆ ಮನಿಯಿಂದ ಬಂದದ್ದು, ಕತ್ತಿ ಬ್ಯಾರೆ ಮನಿದು, ಕಡೀಕ ಬಂದು ಒಂದೇ ಅಂಗಿ ಹಾಕ್ಕೊಂಡಾವ. ಅಂವ ಕೇಳಲಿಲ್ಲ. ಎರಡು ದಿನ ಬರೇ ಮಜ್ಜಿಗಿ ಮ್ಯಾಲ ಇದ್ದ.

ನನಗ ತಡಿಲಿಲ್ಲ. ಸಂಶಯ ಬ್ಯಾಡಂತ ಶಬ್ದದ ಕೆಳಗ ಒಂದು ಆಕಳ ಚಿತ್ರ ತಗದೆ. ಅಣ್ಣ ಬಂದು ಸೊಂಟದ ಮ್ಯಾಲ ಕೈ ಇಟ್ಟು ನೋಡಿದ.

"ಮಾರಾಯ್ರೆ, ಇದು ಕತ್ತೆಯೇ ಅಲ್ವಾ?"

ಅಡಗಿ ಮಾಡಾವರಿಗೆ ಚಿತ್ರ ತಿಳಿಯಂಗಿಲ್ಲ.

೩. ದೊಡ್ಡ ಬೋರ್ಡು

ಪೂಜಾ ದಿನ ಹತ್ತು ಗಂಟೆಕ್ಕ ಮುಹೂರ್ತ. ಮಷೀನ್ ಮ್ಯಾಲಿನ ದೊಡ್ಡ ಬೋರ್ಡಿಗೆ ಎಲ್ಲಾರೂ ಓದೋವಂಥ ಒಂದೇ ಶಬ್ದ ಬೇಕಂತ ಸಾಹೇಬ್ರ ಹಟ. 'ಫಾಸ್ಟ್' ಅಂತ ಬರಿ ಅಂದ್ರು. ಸುಣ್ಣದ ಕಡ್ಡಿಲೆ ಗೀಟು ಹೊಡದೆ. ಜರ್ಮನಿಯಾಂವ ಕೆಮ್ಮಿದ. ಅವರಲ್ಲೆ ಅದಕ್ಕ 'ಇನ್ನೇನು ಆದಂಗ' ಅಂತ ಅರ್ಥ. ಕೆಲಸಗಾರ್ರು ಮುಸಿಮುಸಿ ನಕ್ರು, ಯಾಕಂದ್ರ ಅಲ್ಲಿ ಎಲ್ಲಾ ಮಾಲೂ ಯಾವಾಗಲೂ ಇನ್ನೇನು ಆದಂಗನ ಇರತದ.

ಅಳಸಿದೆ. ಇನ್ನೊಂದು ಹೇಳಿದ್ರು, ಇಟಲಿಯಾಂವ ಬ್ಯಾಡಂದ. ಮತ್ತೊಂದು, ಸ್ಪೇನಿನಾಂವ ಕಿವಿ ಮುಚ್ಚಿಕೊಂಡ. ನಾ ಏಣಿ ಹತ್ತೋದು, ಇಳಿಯೋದು, ಮತ್ತ ಹತ್ತೋದು. ಡಬ್ಬಿಯೊಳಗ ಬಣ್ಣ ಕೆನಿ ಕಟ್ಟಾಕತ್ತಿತ್ತು. ಭಟ್ರು ತೆಂಗಿನಕಾಯಿ ಹಿಡದು ಗಡಿಯಾರ ನೋಡಾಕತ್ತಿದ್ರು. ಸ್ಟಿಕರ್ ಅಂಗಡ್ಯಾಂವಗ ಫೋನ್ ಹಚ್ಚೋಣ ಅಂತ ಸಾಹೇಬ್ರು ಮೊಬೈಲ್ ತಗದ್ರು.

"ಎಲ್ಲಾ ಅಳಸ್ರಿ ಕಾಕಾ," ಅಂದ್ರು.

ಅಳಸಿದೆ. ಮ್ಯಾಲ ನಡುವ ಒಂದು 'ಶ್ರೀ' ಉಳೀತು. ನಮ್ಮ ಧಂದೇದಾಗ ಮೊದಲು ಶ್ರೀ ಬರದ ಕೆಲಸ ಶುರು ಮಾಡೋದು, ಅದನ್ನ ಯಾರೂ ಅಳಸಂಗಿಲ್ಲ. ನಂದು ಕನ್ನಡದ ಶ್ರೀ, ಕೆಂಪು ಬಣ್ಣದ್ದು. ಇದ್ಯಾವ ಭಾಷಾ ಅಂತ ಸಾಹೇಬ್ರು ಕೇಳಿದ್ರು. ನಮ್ಮದರಿ ಅಂದೆ.

ಬಾಯಿ ಮೂವರನ್ನೂ ಒಬ್ಬೊಬ್ಬರನ್ನ ಕೇಳಿದ್ರು, ನಿಮ್ಮಲ್ಲೆ ಇದಕ್ಕೇನಾರ ಅರ್ಥ ಅದ ಏನು? ಮೂವರೂ ಹತ್ರ ಬಂದು, ಕನ್ನಡಕ ಏರಿಸಿ ನೋಡಿ, ತಲಿ ಅಲ್ಲಾಡಿಸಿದ್ರು. ಏನೂ ಇಲ್ಲ. ಮುಂಜಾನೆಯಿಂದ ಮೂರು ದೇಶ ಒಂದಾದದ್ದು ಅದೇ ಮೊದಲು.

ಸಾಹೇಬ್ರು ಮೊಬೈಲ್ ಕಿಸೆಗೆ ಹಾಕಿದ್ರು. ಬೋರ್ಡಿಗೆ ಚೆಂಡಹೂವಿನ ಮಾಲಿ ಬಿತ್ತು, ಕಾಯಿ ಒಡೀತು. ಆಮ್ಯಾಲ ಸಾಹೇಬ್ರು ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಕಾರ್ಖಾನಿದು ಉಳಿದ ಆರೂ ಶೆಡ್ಡಿನ ಬೋರ್ಡ್ ನಿಮಗ ಕಾಕಾ. ಆದ್ರ ಇಷ್ಟ ಬರೀರಿ. ಇದರ ಮುಂದ ಒಂದು ಅಕ್ಷರಾನೂ ಬ್ಯಾಡ," ಅಂದ್ರು.

ಶುರು ಮಾಡಿದ ಕೂಡ್ಲೇ ಬೋರ್ಡ್ ಮುಗಸಾಂವ ಪುಣೆದಾಗ ನಾ ಒಬ್ಬನ.