ಶುಕ್ರವಾರದ ಕೋಡು, ಭಾನುವಾರದ ಬಾಡು

ನನ್ನ ಬಗ್ಗೆ ಈಗ ಎರಡು ಕತೆಗಳು ಓಡಾಡುತ್ತಿವೆ. ಮಂಡ್ಯದ ನಮ್ಮ ಆಫೀಸಿನಲ್ಲಿ ಹೇಳುವ ಕತೆಯ ಪ್ರಕಾರ, ನಾನು ಹಿರಿಯರ ಮಾತು ಮೀರಿ ಶುಕ್ರವಾರ ಹೊಸ ಕೋಡ್ ಬಿಟ್ಟೆ, ಅದಕ್ಕೇ ಭಾನುವಾರ ಸರ್ವರ್ ಮಲಗಿತು. ಕಿರುಗಾವಲಿನ ನೆಂಟರ ಕತೆಯ ಪ್ರಕಾರ, ನಾನು ಬೀಗರೂಟದ ಪಂಕ್ತಿಯಲ್ಲಿ ಕೂತು ಬಲಗೈಯಲ್ಲಿ ಮುದ್ದೆ ಮುರಿಯುತ್ತಾ ಎಡಗೈಯಲ್ಲಿ ಸಕ್ಕರೆ ಕಾರ್ಖಾನೆಯನ್ನೇ ರಿಪೇರಿ ಮಾಡಿದೆ. ಒಂದರಲ್ಲಿ ಅಪರಾಧಿ, ಇನ್ನೊಂದರಲ್ಲಿ ವೀರವನಿತೆ. ಎರಡೂ ಸುಳ್ಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ಯಾವ ಮಾತು ಕೇಳಿದರೂ ‘ಪುರಾವೆ ಏನು?’ ಎಂದು ಕೇಳುವ ಚಟ ಅಂಟಿಸಿಕೊಂಡವಳು ನಾನು. ಹಾಗಾಗಿ ಹೊಗಳಿಕೆಯಾದರೂ ಸುಳ್ಳನ್ನು ಸುಮ್ಮನೆ ಬಿಡಲು ಮನಸ್ಸಾಗುವುದಿಲ್ಲ.

ನಮ್ಮ ಆಫೀಸು ಒಂದು ಬೇಕರಿಯ ಮೇಲಿದೆ. ಸಾಫ್ಟ್‌ವೇರ್ ಎಂದ ಕೂಡಲೇ ಜನ ಗಾಜಿನ ಕಟ್ಟಡ, ಏಸಿ ಕಲ್ಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ಕೆಳಗೆ ಬನ್ನು ಬೇಯತೊಡಗಿದರೆ ಮೇಲೆ ಎಲ್ಲರ ಕೋಡಿನಲ್ಲೂ ತಪ್ಪು ಹೆಚ್ಚಾಗುತ್ತದೆ, ಅಷ್ಟೇ. ಕೆರಗೋಡಿನಿಂದ ಬಸ್ಸಿನಲ್ಲಿ ನಿಂತೇ ಬಂದು, ಕಬ್ಬು ಬೆಳೆಯುವವರಿಗೆ ಯಾರ ಗದ್ದೆಯ ಕಟಾವು ಯಾವತ್ತು ಎಂದು ತೋರಿಸುವ ಆಪ್‌ಗೆ ಕೋಡ್ ಬರೆಯುವುದು ನನ್ನ ಕೆಲಸ. ಉಳಿದ ಗೋಳೆಲ್ಲ ಜಗತ್ತಿನ ಎಲ್ಲ ಡೆವಲಪರುಗಳದ್ದೇ. ಕಾರ್ಖಾನೆಯವರು ‘ಒಂದು ಸಣ್ಣ ಚೇಂಜ್ ಅಷ್ಟೇ ಮೇಡಂ’ ಎಂದರೆ ಆ ವಾರ ಮುಗಿಯಿತು ಎಂದರ್ಥ. ಏನೇ ಕೆಟ್ಟರೂ ಎಲ್ಲರೂ ಬೈಯುವುದು ಕೆಲಸ ಬಿಟ್ಟುಹೋದ ಒಬ್ಬನನ್ನು. ಪಾಪ, ವಾದ ಮಾಡಲು ಅವನು ಅಲ್ಲಿ ಇರುವುದಿಲ್ಲ. ಅವನ ಪರವಾಗಿ ಒಮ್ಮೆ ವಾದಿಸಲು ಹೋಗಿ, ಅವನ ಅರ್ಧ ಕೆಲಸ ನನ್ನ ತಲೆಗೇ ಬಂದಿತ್ತು.

ಈ ಗೋಳುಗಳ ನಡುವೆ ನಮ್ಮಲ್ಲೊಂದು ಕಟ್ಟಳೆ ಇದೆ: ಶುಕ್ರವಾರ ಹೊಸ ಕೋಡನ್ನು ಬಳಕೆಗೆ ಬಿಡಬಾರದು. ಬಿಟ್ಟರೆ ಶನಿವಾರ, ಭಾನುವಾರ ಅದು ಬೀಳುತ್ತದೆ, ಎತ್ತಲು ಯಾರೂ ಇರುವುದಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಆದರೆ ನಮ್ಮ ಮ್ಯಾನೇಜರ್ ಪುಟ್ಟರಾಜು ಸರ್ ಇದಕ್ಕೆ ಲಕ್ಷ್ಮಿಯನ್ನೂ ಸೇರಿಸಿದ್ದರು. ಶುಕ್ರವಾರ ಮನೆಯಿಂದ ಹೆಪ್ಪಿಗೆ ಮೊಸರು ಕೊಡುತ್ತೇವಾ, ಹಾಗೆಯೇ ಆಫೀಸಿನಿಂದ ಕೋಡ್ ಆಚೆ ಹೋಗಕೂಡದು ಎಂಬುದು ಅವರ ವಾದ. ಆ ಶುಕ್ರವಾರ ಕಾರ್ಖಾನೆಯವರಿಗೆ ಸೋಮವಾರದೊಳಗೆ ಕಟಾವಿನ ಸರದಿಯ ಹೊಸ ಪುಟ ಬೇಕಿತ್ತು. ನನ್ನ ಕೋಡ್ ಸಿದ್ಧವಿತ್ತು. ನಾನು ಎದ್ದು ನಿಂತು, ಸರ್ವರ್‌ಗೆ ವಾರ ಯಾವುದೆಂದು ಗೊತ್ತಾಗುವುದಾದರೆ ಅದು ಮಂಗಳವಾರವೂ ಉಪವಾಸ ಮಾಡಬೇಕಿತ್ತಲ್ಲ ಸರ್ ಎಂದೆ. ಅಲ್ಲಿಂದ ಶುರುವಾದದ್ದು ಬಿಸಿ ಬನ್ನು ತಣ್ಣಗಾಗುವವರೆಗೂ ನಡೆಯಿತು. ಕೊನೆಗೆ ಸರ್ ಸೋತರು.

ವಾದ ಗೆದ್ದರೆ ಸ್ಪರ್ಧೆಯಲ್ಲಿ ಕಪ್ ಕೊಡುತ್ತಾರೆ, ಆಫೀಸಿನಲ್ಲಿ ಕೆಲಸ ಕೊಡುತ್ತಾರೆ. ‘ಸರಿ ಕಣಮ್ಮ, ನೀನೇ ಬುಡು. ಏನಾರ ಆದ್ರೆ ಮಾತ್ರ ನಿನ್ನ ಕನ್ಫರ್ಮೇಶನ್ನು ಮುಂದಕ್ಕೋಯ್ತದೆ’ ಎಂದರು ಸರ್. ನನ್ನ ನೌಕರಿ ಕಾಯಂ ಆಗುವ ವಾರವದು. ಅದು ಕಾಯಂ ಆದರೆ ಎರಡು ವರ್ಷ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದೆ. ಆಗದಿದ್ದರೆ, ಯಾರೋ ಒಬ್ಬ ಎಂಜಿನಿಯರ್ ವರ ನನ್ನ ದೊಡ್ಡಮ್ಮನ ಕೈಯಲ್ಲಿ ತಯಾರಾಗಿ ಕಾಯುತ್ತಿದ್ದ. ಅಂದರೆ ಆ ಕೋಡಿನ ಮೇಲೆ ನಿಂತಿದ್ದದ್ದು ಬರೀ ಕಬ್ಬಿನ ಕಟಾವಲ್ಲ.

ನಮ್ಮಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಿಗೆಯ ಗುಂಡಿ ಒತ್ತಿದರೆ ಮಾತ್ರ ಅದು ಹೊರಗೆ ಹೋಗುತ್ತದೆ. ಆ ಗುಂಡಿ ಅವತ್ತು ಶಿವುವಿನ ಕೈಯಲ್ಲಿತ್ತು. ಶಿವು ನನ್ನ ಪಕ್ಕದ ಕುರ್ಚಿಯವನು, ಮಳವಳ್ಳಿಯವನು, ನನ್ನಷ್ಟೇ ವಯಸ್ಸಿನವನು. ನಾನು ಹತ್ತು ವಾಕ್ಯ ಆಡುವಲ್ಲಿ ಅವನು ಒಮ್ಮೆ ಕೆಮ್ಮುತ್ತಾನೆ. ಕೊನೆಯ ಬಸ್ಸಿನ ಅವಸರದಲ್ಲಿ ನಾನು ಬ್ಯಾಗು ಹೆಗಲಿಗೇರಿಸಿದಾಗ, ‘ಓಗು ನೀನು, ನಾ ನೋಡ್ಕತೀನಿ’ ಎಂದ. ನಾನು ಹೋದೆ.

ಭಾನುವಾರ ಕಿರುಗಾವಲಿನಲ್ಲಿ ದೊಡ್ಡಮ್ಮನ ಮಗನ ಬೀಗರೂಟ. ಮದುವೆಗೆ ಬಾರದವರೂ ಬೀಗರೂಟಕ್ಕೆ ಬರುವ ಸೀಮೆ ನಮ್ಮದು. ಮದುವೆಯಲ್ಲಿ ಬರೀ ಪಾಯಸ ಇರುತ್ತದೆ, ಇಲ್ಲಿ ಕುರಿಯ ಬಾಡು ಇರುತ್ತದೆ. ಎರಡನೇ ಪಂಕ್ತಿಯಲ್ಲಿ ಕಾಲು ಮಡಚಿ ಕೂತೆ. ಲ್ಯಾಪ್‌ಟಾಪ್ ಬೆನ್ನ ಹಿಂದಿತ್ತು. ವಾದ ಗೆದ್ದವರು ಅದನ್ನು ಹೊತ್ತೇ ತಿರುಗಬೇಕು. ಎಲೆಯ ಮೇಲೆ ಮುದ್ದೆ ಬಿತ್ತು, ಸಾರು ಬಿತ್ತು, ಮೊದಲ ತುತ್ತು ಮುರಿದೆ, ಫೋನು ಬಂತು. ಪುಟ್ಟರಾಜು ಸರ್. ಆಪ್ ತೆಗೆದರೆ ಬಿಳೀ ಪರದೆ ಬಿಟ್ಟು ಏನೂ ಕಾಣುತ್ತಿಲ್ಲವಂತೆ. ನಾಳೆ ಯಾರ ಗದ್ದೆಗೆ ಆಳು ಕಳಿಸಬೇಕೆಂದು ಕಾರ್ಖಾನೆಯವರಿಗೆ ಗೊತ್ತಾಗುತ್ತಿಲ್ಲವಂತೆ. ಸರ್ ಬೈಯಲಿಲ್ಲ. ‘ಶುಕ್ರವಾರ ಕಣಮ್ಮ’ ಎಂದಷ್ಟೇ ಹೇಳಿ ಫೋನಿಟ್ಟರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಎಲೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದೆ. ಬಲಗೈ ಸಾರಿನಲ್ಲಿ, ಎಡಗೈಯಲ್ಲಿ ಪಾಸ್‌ವರ್ಡ್. ಅದು ತಪ್ಪುತ್ತಲೇ ಹೋಯಿತು. ಎದುರಿನ ಸಾಲಿನವರು ತಿನ್ನುವುದನ್ನು ನಿಲ್ಲಿಸದೆ ನೋಡತೊಡಗಿದರು. ಬಡಿಸುವ ಮಾವ ಬಕೀಟು ಹಿಡಿದು ನಿಂತು, ಆ ಡಬ್ಬಕ್ಕೂ ಒಂದು ಸೌಟು ಬುಡ್ಲಾ ಎಂದು ಕೇಳಿ ಎಲ್ಲರನ್ನೂ ನಗಿಸಿದರು. ದೊಡ್ಡಮ್ಮ ಬಂದರು. ‘ಎಲೆ ಮುಂದೆ ಕುಂತ್ಕಂಡು ಅದೇನಮ್ಮಿ ಕುಟ್ಟದು? ಆ ಕೆಲ್ಸ ಓದ್ರೆ ಓಗ್ಲಿ ಬುಡು, ಆ ಎಂಜಿನಿಯರ್ ಉಡ್ಗ ಎಂಗೂ ಅವ್ನಲ್ಲ.’ ನನ್ನ ಎಡಗೈಗೆ ಆ ಮಾತಿನಿಂದ ಬಂದ ವೇಗ ಯಾವ ಕೋಚಿಂಗಿನಲ್ಲೂ ಸಿಗುವುದಿಲ್ಲ. ಪಾಸ್‌ವರ್ಡ್ ಸರಿಹೋಯಿತು.

ನನ್ನ ಕೋಡನ್ನು ವಾಪಸ್ಸು ತೆಗೆದು ಹಳೆಯದನ್ನೇ ಕೂರಿಸಿಬಿಡುವುದು ನನ್ನ ಯೋಜನೆ. ಅಂದರೆ ತಪ್ಪು ಒಪ್ಪಿಕೊಂಡಂತೆ. ಆದರೆ ತೆಗೆಯಲು ಹೋದರೆ ಅಲ್ಲಿ ನನ್ನ ಕೋಡೇ ಇಲ್ಲ. ಓಡುತ್ತಿದ್ದದ್ದು, ಅಂದರೆ ಬಿದ್ದಿದ್ದದ್ದು, ಹಳೆಯ ಕೋಡು. ತಲೆ ಕೆಟ್ಟು ಶಿವುಗೆ ಫೋನ್ ಮಾಡಿದೆ.

‘ನಿಂದು ಓಗೇ ಇಲ್ಲ ಕಣಮ್ಮಿ. ನಾ ಗುಂಡಿ ಒತ್ಲಿಲ್ಲ.’

‘ನೋಡ್ಕತೀನಿ ಅಂದ್ಯಲ್ಲೋ?’

‘ನೋಡ್ದೆ. ಒತ್ಲಿಲ್ಲ. ಸರ್ವರ್ ಡಿಸ್ಕು ತುಂಬ್ಕಂಡದೆ, ಹಳೇ ಲಾಗೆಲ್ಲ ಗುಡಿಸ್ತಾವ್ನಿ. ನೀನು ಉಣ್ಣು.’

ಲಾಗ್ ಎಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ಯಾರೂ ಓದುವುದಿಲ್ಲ, ಯಾರೂ ಅಳಿಸುವುದಿಲ್ಲ. ಅಳತೆ ಮೀರಿ ಕಬ್ಬು ಹೇರಿದ ಟ್ರ್ಯಾಕ್ಟರಿನಂತೆ ಸರ್ವರ್ ರಸ್ತೆ ಮಧ್ಯೆ ನಿಂತುಬಿಟ್ಟಿತ್ತು. ಶುಕ್ರವಾರಕ್ಕೂ ಅದಕ್ಕೂ ಸಂಬಂಧವಿಲ್ಲ, ನನಗೂ ಅದಕ್ಕೂ ಸಂಬಂಧವಿಲ್ಲ! ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಆಪ್ ತೆರೆದರೆ ಕಟಾವಿನ ಸರದಿ ಒಂದೊಂದೇ ಸಾಲಾಗಿ ಕಾಣಿಸಿಕೊಂಡಿತು. ನನ್ನ ಎದೆಯೊಳಗೆ ಕುಕ್ಕರಿನ ಪ್ರೆಶರ್ ಇಳಿದಂತಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮಾವನನ್ನು ಕರೆದು ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಕುರಿ ಕರುಳಿನ ಅಂಥ ಬೋಟಿ ಗೊಜ್ಜನ್ನು ನಾನು ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಶಬ್ದಕ್ಕೂ ಆಪ್ ಎದ್ದ ಸುದ್ದಿಗೂ ನೆಂಟರು ಅಷ್ಟರಲ್ಲೇ ಗಂಟು ಹಾಕಿ ಮುಗಿಸಿದ್ದರು.

ಸೋಮವಾರ ಸರ್ ಎಲ್ಲರೆದುರು ನನ್ನನ್ನು ಕರೆದರು. ಬೀಗರೂಟದಲ್ಲಿ ಎಲೆ ಮುಂದೆ ಕೂತೂ ಕೆಲಸ ಮಾಡಿದ ಹುಡುಗಿ ಎಂದು ಯಾವುದೋ ನೆಂಟರ ಮೂಲಕ ಸುದ್ದಿ ತಲುಪಿತ್ತಂತೆ. ಶುಕ್ರವಾರದ ದೋಷದಿಂದಲೇ ಡಿಸ್ಕ್ ತುಂಬಿದ್ದು, ಆದರೂ ಹುಡುಗಿಗೆ ನಿಷ್ಠೆ ಇದೆ ಎಂದು ತೀರ್ಪು ಕೊಟ್ಟು, ನನ್ನ ನೌಕರಿ ಕಾಯಂ ಮಾಡಿದರು. ಒಂದೇ ವಾಕ್ಯದಲ್ಲಿ ಎರಡು ಸುಳ್ಳು ಆಧಾರ, ಒಂದು ಸರಿಯಾದ ತೀರ್ಮಾನ. ನಾನು ತಡೆಯಲಾರದೆ, ‘ಸರ್, ಅದು ಹಾಗಲ್ಲ’ ಎಂದು ಬಾಯಿ ತೆರೆದೆ. ಮೇಜಿನ ಕೆಳಗೆ ಶಿವು ನನ್ನ ಕಾಲು ತುಳಿದ. ಜೀವನದಲ್ಲಿ ಮೊದಲ ಬಾರಿಗೆ ನಾನು ಅರ್ಧಕ್ಕೆ ನಿಲ್ಲಿಸಿ ಕೂತೆ. ಇದನ್ನೆಲ್ಲ ಈಗ ಇಲ್ಲಿ ಬರೆದುಬಿಟ್ಟೆನಲ್ಲ ಎಂಬ ಭಯವಿಲ್ಲ, ಸರ್ ಆಫೀಸಿನ ಮೇಲ್‌ಗಳನ್ನೇ ಓದುವುದಿಲ್ಲ.

ಅಪ್ಪ ಮಾತು ಉಳಿಸಿಕೊಂಡರು. ದೊಡ್ಡಮ್ಮನ ಎಂಜಿನಿಯರ್‌ಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು. ಸೋಮವಾರ ಮಧ್ಯಾಹ್ನ ಶಿವು ಸದ್ದಿಲ್ಲದೆ ಗುಂಡಿ ಒತ್ತಿದ. ಹೊಸ ಪುಟ ಈಗಲೂ ಚೆನ್ನಾಗಿ ಓಡುತ್ತಿದೆ. ಶುಕ್ರವಾರ ನಾನು ಬರೆದಿದ್ದದ್ದೂ ಸೋಮವಾರ ಹೊರಗೆ ಹೋದದ್ದೂ ಒಂದೇನಾ, ನಡುವೆ ಶಿವು ಏನಾದರೂ ತಿದ್ದಿದನಾ ಎಂದು ಕಂಪ್ಯೂಟರಿನಲ್ಲಿ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಊರಿಗೆಲ್ಲ ಪುರಾವೆ ಕೇಳುವ ನಾನು ಇದೊಂದನ್ನು ಮಾತ್ರ ಇವತ್ತಿನವರೆಗೂ ತೆರೆದು ನೋಡಿಲ್ಲ. ಬೇಕರಿಯ ಮುಂದೆ ಟೀ ಕುಡಿಯುವಾಗ ಅವನನ್ನೇ ಕೇಳಿದೆ. ಅವನು ಒಮ್ಮೆ ಕೆಮ್ಮಿ, ಮಳವಳ್ಳಿಯ ಬಸ್ಸು ಬಂತೇನೋ ಎಂಬಂತೆ ರಸ್ತೆ ನೋಡಿದ. ಬಸ್ಸು ಬಂದಿರಲಿಲ್ಲ. ನಾನು ಮತ್ತೆ ಕೇಳಿದೆ:

‘ನಿಜ ಹೇಳೋ ಶಿವು, ಅವತ್ತು ನೀನು ಗುಂಡಿ ಒತ್ತದೆ ಇದ್ದದ್ದು ಶುಕ್ರವಾರ ಅಂತಾನಾ, ಇಲ್ಲ ನನ್ನ ಕೋಡ್ ಓದಿದ್ದಕ್ಕಾ?’