ರಾಚಮ್ಮನ ನಾಸಿ ಲೆಮಾಕು

ಹಂಗಳದ ಚಿಕ್ಕಮಾದಮ್ಮನಿಗೆ ಲೋಕದಲ್ಲಿ ಇದ್ದದ್ದು ಒಂದೇ ಕಷ್ಟ; ಆ ಕಷ್ಟದ ಹೆಸರು ರಾಚಮ್ಮ. ಗಂಡ ನಿಂಗಯ್ಯನ ತಂಗಿ. ಮದುವೆಯಾದ ವರ್ಷವೇ ಗಂಡನ ಜೊತೆ ಮಲಯದ ರಬ್ಬರ್ ತೋಟಕ್ಕೆ ಕೂಲಿಗೆ ಹೋದವಳು, ಹದಿನೈದು ವರ್ಷದ ಮೇಲೆ, ಐವತ್ತೊಂದನೇ ಇಸವಿಯಲ್ಲಿ, ಒಂದು ತಗಡಿನ ಪೆಟ್ಟಿಗೆ ಹಿಡಿದು ಒಬ್ಬಳೇ ಬಂದಿಳಿದಳು. ಗಂಡ ಅಲ್ಲೇ ಮಣ್ಣಾಗಿದ್ದ. ಬಂದ ದಿನ ಚಿಕ್ಕಮಾದಮ್ಮ ನಾದಿನಿಯನ್ನು ತಬ್ಬಿಕೊಂಡು ಊರೆಲ್ಲ ಕೇಳುವಂತೆ ಅತ್ತಳು. ಮರುದಿನ ಕೈಗೆ ಪೊರಕೆ ಕೊಟ್ಟಳು. (ಅಳು ಒಂದು ದಿನದ್ದು, ಪೊರಕೆ ನಾಲ್ಕು ವರ್ಷದ್ದು.)

ಕಸ, ಮುಸುರೆ, ಸಗಣಿ, ಸೌದೆ ಎಲ್ಲ ರಾಚಮ್ಮನ ಪಾಲು. ಅಡುಗೆ ಒಲೆ ಮಾತ್ರ ಚಿಕ್ಕಮಾದಮ್ಮನ ಸಾಮ್ರಾಜ್ಯ. ಅತ್ತಿಗೆ ಸಂತೆಗೆ ಹೋಗಿದ್ದ ಒಂದು ದಿನ ರಾಚಮ್ಮ ಕಾಯಿಹಾಲಿನಲ್ಲಿ ಅನ್ನ ಬೇಯಿಸಿ, ಸಣ್ಣ ಒಣಮೀನು, ಕಡಲೆಕಾಯಿ ಬೀಜ ಹುರಿದು, ಒಣಮೆಣಸಿನಕಾಯಿ, ಈರುಳ್ಳಿ, ಹುಣಸೆಹುಳಿಯ ಗೊಜ್ಜು ಕುದಿಸಿ, ಅತ್ತಿಗೆ ಬಂದ ಮೇಲೆ ಎಲ್ಲರಿಗೂ ಬಡಿಸಿದಳು.

"ಇದ್ಕೆ ಅಲ್ಲಿ ನಾಸಿ ಲೆಮಾಕು ಅಂತರೆ ಅತ್ಗೆ."

"ನಾಸಿಯೋ ನಾಸವೋ! ಒಂದೊತ್ತಿಗೆ ಎಲ್ಡು ತೆಂಗಿನಕಾಯಿ ನಾಸ ಮಾಡ್ಬುಟ್ಟಲ್ಲಮ್ಮಿ!"

ಮಗಳು ಚಾಮುಂಡಿ ಎಲೆ ನೆಕ್ಕುತ್ತಿದ್ದುದನ್ನು ಕಂಡ ಮೇಲಂತೂ ಚಿಕ್ಕಮಾದಮ್ಮನ ಹೊಟ್ಟೆಗೇ ಒಣಮೆಣಸಿನಕಾಯಿ ಬಿದ್ದಂತಾಯಿತು. ಅಂದಿನಿಂದ ಸಾಮ್ರಾಜ್ಯದೊಳಗೆ ನಾದಿನಿಗೆ ಪ್ರವೇಶ ನಿಷಿದ್ಧ.

ಹೀಗಿರುವಾಗ ಕುದೇರಿನ ದೊಡ್ಡಯ್ಯ ಮಗನಿಗೆ ಚಾಮುಂಡಿಯನ್ನು ನೋಡಲು ಬರುವುದೆಂದು ಗೊತ್ತಾಯಿತು. ಹಂಚಿನ ಮನೆ, ಎರಡು ಜೊತೆ ಎತ್ತು. ಇಂಥ ಸಂಬಂಧ ಮತ್ತೆ ಬರುವಂಥದ್ದಲ್ಲ. ಚಿಕ್ಕಮಾದಮ್ಮ ಅವರಿಗೆಂದೇ ಒಂದು ಹುಂಜವನ್ನು ಹೆತ್ತ ಮಗಳಿಗಿಂತ ಮುದ್ದಾಗಿ ಮೇಯಿಸಿದ್ದಳು. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಕುಕ್ಕೆಯ ಸುತ್ತ ಬರೀ ಪುಕ್ಕ. ಕಾಡುಬೆಕ್ಕು ಬೀಗರಿಗಿಂತ ಮೊದಲೇ ಊಟ ಮುಗಿಸಿತ್ತು.

"ಅಕ್ಕಿ ಅದೆ, ಕಾಯಿ ಅವೆ, ಒಣಮೀನು ಅದೆ. ನಾನು ಮಾಡ್ಲಾ ಅತ್ಗೆ?" ಎಂದಳು ರಾಚಮ್ಮ.

ಚಿಕ್ಕಮಾದಮ್ಮ ಹಲ್ಲು ಕಚ್ಚಿ ಒಪ್ಪಿದಳು. "ಮಾಡು. ಆದ್ರೆ ಈಚ್ಗೆ ಬರ್ಬೇಡ. ಒಳ್ಳೆ ಕೆಲ್ಸದಲ್ಲಿ ಮುಂಡೆ ಮೊಕ ಕಾಣ್ಬಾರ್ದು. ಮಾಡಿದ್ದು ಚಾಮುಂಡಿ ಅಂತ ಯೇಳ್ತೀನಿ."

ರಾಚಮ್ಮ ತುರಿಮಣೆ ಎಳೆದುಕೊಂಡಳು. ಕಾಯಿ ತುರಿಯುವ ಸದ್ದು ಅಂದು ಸ್ವಲ್ಪ ಜೋರಾಗಿತ್ತು.

ಮಗನೊಡನೆ ಬಂದ ದೊಡ್ಡಯ್ಯ ಮೂರು ಸಲ ಹಾಕಿಸಿಕೊಂಡು ಉಂಡ. "ಎಡ್ತಿ ಓಗಿ ಮೂರು ವರ್ಸಾಯ್ತು. ನಾನು ಬೇಯ್ಸಿದ್ದ ಮಗ ತಿನ್ನಕಿಲ್ಲ, ಮಗ ಬೇಯ್ಸಿದ್ದ ನಾಯಿ ತಿನ್ನಕಿಲ್ಲ. ಯಾರವ್ವ ಇದ ಮಾಡಿದ್ದು?"

"ಎಲ್ಲಾ ನಮ್ಮ ಚಾಮುಂಡಿ ಕೈಯಡ್ಗೆ!"

"ಈ ಗೊಜ್ಜ ಎಂಗ್ ಮಾಡ್ದೆ ಕೂಸು?"

"ಮೊದ್ಲು... ನೀರು ಕಾಯಿಸ್ಬೇಕು," ಎಂದು ಶುರುಮಾಡಿದ ಚಾಮುಂಡಿ ನೀರಿನಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿಕೊಂಡು, "ನಮ್ಮತ್ತೆ ಮಾಡಿದ್ದು," ಎಂದಳು.

ಚಿಕ್ಕಮಾದಮ್ಮ ಮಾನ ಉಳಿಸಿಕೊಳ್ಳಲು ತನ್ನ ದಯಾಗುಣವನ್ನು ಬಿಚ್ಚಿಟ್ಟಳು. "ನನ್ ನಾದ್ನಿ. ಪಾಪ, ಗಂಡ ಇಲ್ಲ, ಮಕ್ಳಿಲ್ಲ. ವಯಸ್ಸೂ ಇನ್ನೂ ಮೂವತ್ನಾಕು. ಮನೆ ಕೆಲ್ಸ ಎಲ್ಲಾ ಒಬ್ಳೇ ನೀಗುಸ್ತಳೆ. ನಾನೇ ಇಟ್ಕಂಡಿವ್ನಿ." (ಮದುವೆ ದಲ್ಲಾಳಿ ಕೂಡ ಇಷ್ಟು ಚೆನ್ನಾಗಿ ವರ್ಣಿಸುತ್ತಿರಲಿಲ್ಲ.)

ದೊಡ್ಡಯ್ಯ ಕೈ ತೊಳೆದು ಬಂದು ಜಗಲಿಯಲ್ಲಿ ನಿಂಗಯ್ಯನ ಪಕ್ಕ ಕೂತ. "ಹುಡ್ಗಿ ನನ್ ಮಗನ್ಗೆ ಒಪ್ಗೆ. ಇನ್ನೊಂದ್ ಮಾತು. ನಿನ್ ತಂಗಿ ಒಪ್ಪುದ್ರೆ ಅವಳ್ನ ನಂಗೆ ಕೂಡ್ಕೆ ಮಾಡ್ಕೊಡು."

ವಿಧವೆಗೆ ಹೊಸ ಸೀರೆ ಉಡಿಸಿ ಕೂಡಿಕೆ ಮಾಡುವುದು ಅವರ ಕುಲದಲ್ಲಿ ಹೊಸದೇನಲ್ಲ. ಆದರೂ ಚಿಕ್ಕಮಾದಮ್ಮ ಎದೆ ಬಡಿದುಕೊಂಡಳು. "ಊರು ನಗಕಿಲ್ವಾ? ಕುಲ ಏನಂದಾತು? ಸಗಣಿ ಎತ್ತೋರು ಯಾರು?"

ಇಪ್ಪತ್ತು ವರ್ಷದಿಂದ ಹೆಂಡತಿಯೆದುರು ತುಟಿ ಬಿಚ್ಚದ ನಿಂಗಯ್ಯ, "ನಗ್ಲಿ ಬುಡು," ಎಂದ. ಆಮೇಲೆ ಒಳಗೆ ನೋಡಿ, "ರಾಚಿ, ನೀ ಏನಂದಯವ್ವ?" ಎಂದು ಕೇಳಿದ.

ರಾಚಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸಿಲು ದಾಟಿ ಬಂದಳು. ದೊಡ್ಡಯ್ಯನನ್ನು ನೇರ ನೋಡಿದಳು.

"ನಿಮ್ಮನೇಲಿ ನಾನು ಎಲ್ಲಿ ಕೂತು ಉಣ್ಬೇಕು?"

"ನನ್ ಪಕ್ಕದಲ್ಲಿ."

"ಸರಿ," ಎಂದಳು.

ಹದಿನೈದು ದಿನದಲ್ಲಿ ಕೂಡಿಕೆ ಮುಗಿಯಿತು. ಮುಂದಿನ ತಿಂಗಳು ಚಾಮುಂಡಿಯ ವೀಳ್ಯಶಾಸ್ತ್ರಕ್ಕೆ ಗಂಡಿನ ಕಡೆಯವರು ಗಾಡಿ ಕಟ್ಟಿಕೊಂಡು ಬಂದರು. ಗಂಡಿನ ತಾಯಿಯೆಂದರೆ ಈಗ ರಾಚಮ್ಮ. ಬೀಗಿತ್ತಿಯ ಕಾಲಿಗೆ ನೀರು ಹುಯ್ಯಬೇಕಾದವಳು ಹೆಣ್ಣಿನ ತಾಯಿ. ಊರ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದು ನೋಡುತ್ತಿದ್ದಂತೆ ಚಿಕ್ಕಮಾದಮ್ಮ ಚೊಂಬು ಹಿಡಿದು ಬಗ್ಗಿದಳು.

"ನೀರು ಕೊರೀತದೆ ಕಣತ್ಗೆ," ಎಂದಳು ರಾಚಮ್ಮ ಮೆಲ್ಲಗೆ. "ವಸಿ ಬೆಚ್ಗೆ ಮಾಡ್ಕಬಾ."

ಅವಮಾನದಿಂದ ಕಿವಿ ಕೆಂಪಗಾದ ಚಿಕ್ಕಮಾದಮ್ಮ ದಡದಡ ಒಳಗೆ ತಿರುಗಿ, ನಾಲ್ಕು ವರ್ಷದ ಅಭ್ಯಾಸದಂತೆ ಗಂಟಲು ಬಿಚ್ಚಿ ಕೂಗಿದಳು:

"ರಾಚೀ! ಅಂಡೆ ವಲೆಗೆ ಬೆಂಕಿ ಆಕಮ್ಮೀ!"

ಬೀಗರೆಲ್ಲ ಗೊಳ್ಳೆಂದು ನಕ್ಕರು. ರಾಚಮ್ಮ ನಗಲಿಲ್ಲ. ಬಾಗಿಲಲ್ಲಿ ಕಾಲು ಒಂದಿಷ್ಟು ಮುಂದೆ ಚಾಚಿಕೊಂಡು, ನೀರು ಕಾಯುವವರೆಗೂ ಹಾಗೆಯೇ ನಿಂತಿದ್ದಳು.