ಸೀಟಿಗೆ ಹೊಕ್ಕ ಕೆಂಧೂಳು

ಮಕ್ಕಳಿಗೆ ಹುಮ್ಮಸ್ಸು ತುಂಬಬೇಕು ಎಂದು ತರಬೇತಿಗಳಲ್ಲಿ ನಮಗೆ ಹೇಳುತ್ತಿದ್ದರು. ತುಂಬಲು ಹೋದಾಗಲೆಲ್ಲ ನನ್ನ ಗಾಳಿಯೇ ಹೋಗುತ್ತಿತ್ತು. ಒಂದು ವರ್ಷವಂತೂ ಇದು ತಪ್ಪದೆ ನಡೆಯಿತು. ಆಗ ನಾನು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಏಳನೇ ತರಗತಿಯ ಮೇಷ್ಟ್ರು. ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದ ಕಾಲ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದವನು ಸಂಜೆ ಇಟ್ಟಿಗೆ ಬಣ್ಣದಲ್ಲಿ ಮನೆಗೆ ಬರುತ್ತಿದ್ದೆ.

ಏನಾಗ್ತೀರಿ?

ಮೊದಲ ದಿನ ಇದೇ ಪ್ರಶ್ನೆ ಕೇಳಿದೆ. ಮುಂದಿನ ಸಾಲು ಲಾರಿ ಡ್ರೈವರ್ ಆಗುತ್ತೇನೆಂದಿತು. ನಡುವಿನ ಸಾಲು ಗಣಿಯಲ್ಲಿ ಲೋಡರ್ ಓಡಿಸಲು ಹೋಯಿತು. ಹಿಂದಿನ ಸಾಲಿನ ಒಬ್ಬಳು, ತಾನು ಪಂಚರ್ ಅಂಗಡಿ ಇಡುವುದಾಗಿಯೂ ಆಗ ಇವರೆಲ್ಲ ತನ್ನ ಬಾಗಿಲಿಗೇ ಬರಬೇಕೆಂದೂ ಹೇಳಿದಳು.

ಕನಸು ದೊಡ್ಡದಿರಬೇಕು ಎಂದು ಅರ್ಧ ಗಂಟೆ ಮಾತಾಡಿದೆ. ಓದಿದ ಪುಸ್ತಕಗಳನ್ನೆಲ್ಲ ಖಾಲಿ ಮಾಡಿದೆ. ಮುಗಿದ ಮೇಲೆ ಒಬ್ಬ ಎದ್ದು ನಿಂತ.

"ಸಣ್ಣೋರಿದ್ದಾಗ ನೀವು ಏನಾಗ್ಬೇಕಂತ ಮಾಡಿದ್ರಿ ಸರ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಬಸ್ ಕಂಡಕ್ಟರ್," ಎಂದೆ. ಕಂಪ್ಲಿಯಲ್ಲಿ ನಮ್ಮ ಮನೆಯ ಹತ್ತಿರ ನಿಲ್ಲುತ್ತಿದ್ದ ಹೊಸಪೇಟೆ ಬಸ್ಸಿನ ಕಂಡಕ್ಟರನ ಸೀಟಿಯ ಮೇಲೆ ಚಿಕ್ಕಂದಿನಲ್ಲೆಲ್ಲ ನನಗೆ ಕಣ್ಣಿತ್ತು.

ತರಗತಿ ಸ್ವಲ್ಪ ಹೊತ್ತು ಮರುಗಿತು. ಆಮೇಲೆ ಅವನೇ ಸಮಾಧಾನ ಹೇಳಿದ: "ಇರ್ಲಿ ಬಿಡ್ರಿ ಸರ. ಎಲ್ಲಾರಿಗೂ ಎಲ್ಲಾ ಸಿಗಂಗಿಲ್ಲ."

ಎಲ್ಲರಿಗಿಂತ ಚೊಲೋ ಭಾಷಣ

ಆ ತರಗತಿಯಲ್ಲಿ ಒಬ್ಬ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಮೂಗಿಯಲ್ಲ, ಮನೆಯಲ್ಲಿ ಹೂಂ, ಊಹೂಂ ಎರಡೂ ಬರುತ್ತಿದ್ದವಂತೆ. ಶಾಲೆಯಲ್ಲಿ ಅದೂ ಇಲ್ಲ. ಬರೆಯುವ ಪಾಟಿಯ ಮೇಲೆ ಮಾತ್ರ ಎಲ್ಲರಿಗಿಂತ ಮೊದಲು ಸರಿಯುತ್ತರ ಇರುತ್ತಿತ್ತು.

ಅವಳ ಅಪ್ಪ ಲಾರಿ ಡ್ರೈವರ್. ಒಂದು ದಿನ ಬಂದು ಹೇಳಿಹೋದ: "ಮಾಸ್ತರ, ಈಕಿ ಏಳನೇತ್ತ ಮುಗೀಲಿ, ಸಾಕು. ಹೈಸ್ಕೂಲಿಗೆ ಸಂಡೂರಿಗೆ ಹೋಗ್ಬೇಕು. ಬಸ್ಸಿನಾಗ ಟಿಕೇಟ್ ಕೇಳಾಕೂ ಬಾಯಿ ಬೇಕಲ್ರಿ. ಮಾರ್ಚಿಗೆ ಬಂದು ಟೀಸಿ ಒಯ್ತೀನಿ."

ಅಂದರೆ ಮಾರ್ಚಿನೊಳಗೆ ಅವಳ ಬಾಯಿ ಬಿಡಿಸಬೇಕು. ಸ್ವಾತಂತ್ರ್ಯ ದಿನದ ಭಾಷಣಕ್ಕೆ ಅವಳ ಹೆಸರು ಬರೆದೆ. ಎಂಟು ವಾಕ್ಯ ಬರೆದುಕೊಟ್ಟೆ. ವೇದಿಕೆ ಹತ್ತಿ ನಿಂತಳು. ನಾವು ಕಾದೆವು. ಧೈರ್ಯ ಬರಲಿ ಎಂದು ಹೆಡ್ಮಾಸ್ತರರು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಊರೆಲ್ಲ ತಟ್ಟಿತು. ಚಪ್ಪಾಳೆ ಬಿತ್ತೆಂದರೆ ಮುಗಿಯಿತೆಂದು ಅವಳು ಕೈಮುಗಿದು ಇಳಿದುಬಿಟ್ಟಳು.

ನಾನು ತಲೆ ತಗ್ಗಿಸಿ ಕೂತಿದ್ದೆ. ಪ್ರತಿವರ್ಷ ಬಿಸಿಲಿನಲ್ಲಿ ಪಂಚಾಯ್ತಿ ಅಧ್ಯಕ್ಷರ ಭಾಷಣ ಕೇಳುತ್ತ ಬಂದ ಹಿರಿಯರೊಬ್ಬರು ನನ್ನ ಭುಜ ತಟ್ಟಿ ಹೇಳಿದರು: "ಇಷ್ಟು ವರ್ಷದಾಗ ಇಂಥಾ ಚೊಲೋ ಭಾಷಣ ಕೇಳಿದ್ದಿಲ್ರಿ. ಬರೋ ವರ್ಷ ಎಲ್ಲಾರ ಕಡಿಂದನೂ ಹಿಂಗ ಮಾಡಸ್ರಿ."

ಬಂದರಿಗೆ ಹೋದ ಉತ್ತರ

ಅದಿರು ತೂಗಿಸುವ ಸರದಿಗಾಗಿ ಲಾರಿಗಳು ಒಮ್ಮೊಮ್ಮೆ ಶಾಲೆಯ ಗೋಡೆಯ ಪಕ್ಕ ತಾಸುಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವುಗಳ ಮೈಮೇಲೆ ಬೆರಳಗಲ ಧೂಳು. ಕರಿಹಲಗೆಗೆ ಬಾ ಎಂದರೆ ಬೆವರುವ ಮಕ್ಕಳು ಆ ಧೂಳಿನಲ್ಲಿ ಹೆಸರು ಬರೆಯಲು ಜಗಳಾಡುತ್ತಿದ್ದರು. ಹಾಗಾದರೆ ಲೆಕ್ಕವನ್ನೂ ಅಲ್ಲೇ ಮಾಡಿಸೋಣ ಎಂದುಕೊಂಡೆ. ಒಬ್ಬೊಬ್ಬರಿಗೆ ಒಂದೊಂದು ಲಾರಿ, ಒಂದೊಂದು ಭಾಗಾಕಾರ. ಮಾತಾಡದ ಹುಡುಗಿ ತುದಿಗಾಲಲ್ಲಿ ನಿಂತು ಮೊದಲು ಮುಗಿಸಿದಳು. ಅಷ್ಟರಲ್ಲಿ ಸಾಲು ಹೊರಟಿತು.

ಹೆಡ್ಮಾಸ್ತರರು ಬಂದರು. "ಏನ್ ನಡಸೀರಿ?"

"ಗಣಿತ," ಎಂದೆ.

"ಎಲ್ಲೈತಿ?"

ಪಂಚರ್ ಅಂಗಡಿ ಇಡುವೆನೆಂದ ಹುಡುಗಿ ರಸ್ತೆಯತ್ತ ಕೈ ತೋರಿಸಿದಳು. "ಮಂಗಳೂರಿಗೆ ಹೋತ್ರಿ ಸರ. ಶೇಷ ಇನ್ನಾ ಉಳದಿತ್ತು."

ತಾನೇ ಬಿದ್ದ ಬ್ರೇಕು

ಶಾಲೆ ರಸ್ತೆಯ ಈಚೆ, ಊರು ಆಚೆ. ಶಾಲೆ ಬಿಟ್ಟಾಗ ಮಕ್ಕಳನ್ನು ದಾಟಿಸುವುದೇ ದೊಡ್ಡ ಕೆಲಸ. ಕೆಂಪು ಬಾವುಟ ಹಿಡಿದು ನಾನು ನಿಲ್ಲುತ್ತಿದ್ದೆ. ಲಾರಿಯವರು ಕೈ ಬೀಸಿ ಹೋಗುತ್ತಿದ್ದರು. ನಾನು ಶುಭ ಕೋರುತ್ತಿದ್ದೇನೆ ಎಂದುಕೊಂಡಿರಬೇಕು. ಕೊನೆಗೆ ಹೊಸಪೇಟೆಯಲ್ಲಿ ಒಂದು ಸೀಟಿ ಕೊಂಡೆ. ನಲವತ್ತು ದಾಟಿದ ಮೇಲೆ ಸಿಕ್ಕ ಸೀಟಿ. ಬಿಟ್ಟುಕೊಡಲು ಸ್ವಲ್ಪ ಕಷ್ಟವಾಯಿತು. ಆದರೂ ಮಾತಾಡದ ಹುಡುಗಿಯ ಕೈಗೆ ಕೊಟ್ಟೆ. ಊದಲು ಮಾತು ಬೇಕಿಲ್ಲವಲ್ಲ. ರಸ್ತೆಯಂಚಿನಲ್ಲಿ ಅವಳಿಗೊಂದು, ರಸ್ತೆಗೆ ಅಡ್ಡವಾಗಿ ಲಾರಿಗಳಿಗೊಂದು ಸುಣ್ಣದ ಗೆರೆ ಎಳೆದೆವು. ತನ್ನ ಗೆರೆಯ ಈಚೆ ನಿಂತು ಅವಳು ಊದುತ್ತಿದ್ದಳು, ನಾನು ಬಾವುಟ ಹಿಡಿಯುತ್ತಿದ್ದೆ. ಲಾರಿಗಳು ನಿಲ್ಲತೊಡಗಿದವು.

ಜನವರಿಯ ಒಂದು ಸಂಜೆ ಒಂದನೇ ತರಗತಿಯ ಮಕ್ಕಳು ದಾಟುತ್ತಿದ್ದರು. ನಾನು ನಡುರಸ್ತೆಯಲ್ಲಿ ಒಬ್ಬನ ಬಿದ್ದ ಚಪ್ಪಲಿ ಎತ್ತಿಕೊಡುತ್ತಿದ್ದೆ. ನನ್ನ ಬೆನ್ನ ಹಿಂದೆ ಒಂದು ಲಾರಿ ವೇಗದಲ್ಲೇ ಬಂತು. ಅವಳು ಊದಿದಳು. ಸೀಟಿ ಕೂಗಲಿಲ್ಲ. ಇಷ್ಟು ದಿನದ ಕೆಂಧೂಳು ಒಳಗಿನ ಗುಂಡನ್ನು ಹಿಡಿದುಬಿಟ್ಟಿತ್ತು. ಇನ್ನೊಮ್ಮೆ ಊದಿದಳು. ಆಮೇಲೆ ಸೀಟಿ ಬಿಸಾಕಿದಳು.

"ಏ ಲಾರಿ, ನಿಂದರ್ ಲೇ. ಮಕ್ಕಳು ಕಾಣಂಗಿಲ್ಲೇನು? ನಮ್ಮ ಸರ ಕಾಣಂಗಿಲ್ಲೇನು?"

ಲಾರಿ ನಿಂತಿತು. ಊರೂ ನಿಂತಿತು. ಡ್ರೈವರ್ ಇಳಿದು, ಮುಖ ಒರೆಸಿಕೊಂಡು ನನಗೆ ಹೇಳಿದ: "ಬ್ರೇಕ್ ನಾ ಹಾಕ್ಲಿಲ್ರಿ ಮಾಸ್ತರ. ಆ ಮಾತಿಗೆ ಅದಾ ಬಿತ್ತು."

ಆ ಸೀಟಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ತೊಳೆದರೆ ಕೂಗೀತು. ತೊಳೆದಿಲ್ಲ.

ಟೀಸಿ

ಅಂದು ತೆರೆದ ಬಾಯಿ ಆಮೇಲೆ ಮುಚ್ಚಲಿಲ್ಲ. ಕರಿಹಲಗೆಯ ಮೇಲೆ ನನ್ನ ತಪ್ಪುಗಳನ್ನು ಹುಡುಕಿದಳು. ಬಿಸಿಯೂಟದ ಸಾರಿಗೆ ಉಪ್ಪು ಸಾಲದೆಂದು ಹೇಳಿದಳು. ಹೆಡ್ಮಾಸ್ತರರು ತಡವಾಗಿ ಬಂದ ದಿನ ಗಡಿಯಾರ ನೋಡಿದಳು.

ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಗಣಿಯಿಂದ ಬಂದರಿಗೆ, ಬಂದರಿನಿಂದ ಗಣಿಗೆ ಎಂದು ಓಡುತ್ತಿದ್ದವನು ಮನೆಗೆ ಬಂದರೆ ಮಲಗುತ್ತಿದ್ದ. ಮಾರ್ಚಿನಲ್ಲಿ ಹೇಳಿದಂತೆ ಟೀಸಿಗೆ ಬಂದ, ಲಾರಿ ಸಮೇತ. ಶಾಲೆ ಬಿಡುವ ಹೊತ್ತು. ಬಾವುಟವೂ ಈಗ ಅವಳ ಕೈಯಲ್ಲೇ ಇತ್ತು. ನಾನು ಪಕ್ಕದಲ್ಲಿ ನಿಲ್ಲುವವನು ಅಷ್ಟೆ. ಅವನು ಹಾರನ್ ಹೊಡೆದ. ಅವಳು ಬಾವುಟ ಎತ್ತಿದಳು.

"ಏ, ನಾನಲೇ, ನಿಮ್ಮಪ್ಪ," ಎಂದು ಕಿಟಕಿಯಿಂದ ತಲೆ ಹೊರಹಾಕಿದ.

"ಅಪ್ಪ ಆದ್ರೇನು, ಲಾರಿ ಲಾರಿನ. ಗೆರಿ ದಾಟಿ ನಿಂತೀ, ಹಿಂದಕ್ಕ ತಗೀ."

ತೆಗೆದ. ಮಕ್ಕಳು ದಾಟಿದರು. ಅವತ್ತು ಅವರು ಎಂದಿಗಿಂತ ನಿಧಾನವಾಗಿಯೇ ದಾಟಿದರು. ಅವಳು ಲಾರಿಯ ಸುತ್ತ ಒಂದು ಸುತ್ತು ಬಂದಳು.

"ಅದಿರಿನ ಮ್ಯಾಲ ತಾಡಪಾಲು ಯಾಕ ಹೊಚ್ಚಿಲ್ಲ? ಆ ಧೂಳ ನಮ್ಮ ಸೀಟಿ ಕೆಡಿಸಿದ್ದು."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನು ಇಳಿದು, ತಾಡಪಾಲು ಬಿಗಿದು, ನನ್ನ ಜೊತೆ ಆಫೀಸಿಗೆ ಬಂದ. ಒಂದು ಚೊಂಬು ನೀರು ಕುಡಿದ. ಹೆಡ್ಮಾಸ್ತರರು ಟೀಸಿ ಪುಸ್ತಕ ತೆಗೆದಿಟ್ಟಿದ್ದರು. ಹೆಣ್ಣುಮಕ್ಕಳ ಓದಿನ ಬಗ್ಗೆ ನಾನು ಒಂದು ವಾರದಿಂದ ತಯಾರು ಮಾಡಿಕೊಂಡ ಭಾಷಣ ಗಂಟಲಿಗೆ ಬಂದಿತ್ತು. ಅವನು ಕೈ ಅಡ್ಡ ಹಿಡಿದ.

"ನೀವೇನೂ ಹೇಳ್ಬ್ಯಾಡ್ರಿ ಮಾಸ್ತರ. ಈಕಿನ್ನ ಹೈಸ್ಕೂಲಿಗೆ ಕಳಸ್ತೀನಿ. ಮನ್ಯಾಗ ಇಟ್ಕೊಂಡ್ರ ನಾ ಲಾರ್ಯಾಗ ಸಂಸಾರ ಮಾಡ್ಬೇಕಾಗತೈತಿ. ಆ ಟೀಸಿ ಬ್ಯಾಡ."

"ಹೈಸ್ಕೂಲಿಗೆ ಸೇರಾಕೂ ಟೀಸಿ ಬೇಕಪ್ಪ," ಎಂದರು ಹೆಡ್ಮಾಸ್ತರರು.

ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಹಂಗಾದ್ರ ಜಲ್ದಿ ಬರೀರಿ ಸರ, ಆಕಿ ಒಳಗ ಬಂದು ತಪ್ಪು ತಗಿಯೋದ್ರಾಗ."